ಆನೆಕಿವಿ ಗಿಡ: ಅಂದದ ಜೊತೆಗೆ ಎಚ್ಚರಿಕೆಯನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಅಲಂಕಾರಕ್ಕಾಗಿ ಬೆಳೆಸುವ ‘ಆನೆಕಿವಿ’ ಗಿಡದ ಕುರಿತು ಬರೆಯುವವರು ಎಲೆಯ ಸೊಬಗನ್ನು ವರ್ಣಿಸುವಷ್ಟೇ ಆಸ್ಥೆಯಿಂದ ಅದು ಯಾವ ಕುಲದ್ದು, ಅದರ ರಸದಲ್ಲಿ ಏನಿದೆ ಎಂಬುದನ್ನೂ ತಿಳಿಸಬೇಕೆಂದು ವಿನಂತಿಸುತ್ತೇನೆ.

ಈ ಒಂದೇ ಹೆಸರಿನಲ್ಲಿ ಅಲೊಕೇಸಿಯ, ಕೊಲೊಕೇಸಿಯ, ಕ್ಸಾಂಥೊಸೋಮ, ಕೆಲಾಡಿಯಂ ಎಂಬ ಬೇರೆ ಬೇರೆ ಕುಲಗಳ ಸಸ್ಯಗಳನ್ನು ಕರೆಯಲಾಗುತ್ತಿದೆ. ಕೆಸುವು ಸೇರಿರುವ ಕೊಲೊಕೇಸಿಯ ನೀರು ನಿಂತ ಜೌಗಿನಲ್ಲೂ ಹುಲುಸಾಗಿ ಬೆಳೆದರೆ, ಕುಂಡದಲ್ಲಿಟ್ಟ ಅಲೊಕೇಸಿಯಗಳಲ್ಲಿ ಹೆಚ್ಚಿನವು ನೀರು ಬಸಿಯದ ಮಣ್ಣಿನಲ್ಲಿ ಬೇರು ಕೊಳೆತು ಸಾಯುತ್ತವೆ. ಚಳಿಗೆ ಎಲೆಗಳೆಲ್ಲ ಬಾಡಿ ಬಿದ್ದರೂ ಗೆಡ್ಡೆಯಲ್ಲಿ ಜೀವ ಉಳಿದಿರುವುದುಂಟು. ಇದನ್ನು ಅರಿಯದೆ ಗಿಡ ಸತ್ತಿತೆಂದು ಕಿತ್ತೆಸೆಯುವವರೂ, ಚೇತರಿಸಲೆಂದು ಇನ್ನಷ್ಟು ನೀರು ಸುರಿದು ಕೊಲ್ಲುವವರೂ ಇದ್ದಾರೆ. ‘ಅಮೆಜೋನಿಕಾ’ ಎಂಬ ಅಲೊಕೇಸಿಯದ ಜನಪ್ರಿಯ ಮಿಶ್ರತಳಿಯಂತೂ ಹೆಸರಿನಿಂದಲೇ ದಾರಿ ತಪ್ಪಿಸುತ್ತದೆ. ಅಲೊಕೇಸಿಯಗಳ ತವರು ಏಷ್ಯಾ ಮತ್ತು ಆಸ್ಟ್ರೇಲಿಯದ ಪೂರ್ವಭಾಗವೇ ಹೊರತು ಅಮೆಜಾನ್ ಕಾಡಲ್ಲ.

ಇದಕ್ಕಿಂತ ಮುಖ್ಯವಾದುದು ಸುರಕ್ಷತೆಯ ಮಾತು. ಈ ಸಸ್ಯಗಳ ಎಲೆ, ತೊಟ್ಟು, ಗೆಡ್ಡೆಗಳ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಾಕಾರದ ಹರಳುಗಳು ಕಟ್ಟುಕಟ್ಟಾಗಿ ಅಡಗಿರುತ್ತವೆ. ಎಲೆಯನ್ನು ಅಗಿದ ಕೂಡಲೇ ಅವು ಚಿಮ್ಮಿ ತುಟಿ, ನಾಲಿಗೆ, ಗಂಟಲುಗಳಿಗೆ ಚುಚ್ಚಿಕೊಳ್ಳುವುದರಿಂದ ಉರಿ, ಜೊಲ್ಲು ಸುರಿಯುವಿಕೆ ಮತ್ತು ಬಾವು ಉಂಟಾಗುತ್ತವೆ. ಗಂಟಲು ಊದಿಕೊಂಡರೆ ಉಸಿರಾಟಕ್ಕೂ ತೊಂದರೆಯಾಗಬಹುದು. ಕೆಸುವನ್ನು ಬೇಯಿಸಿ ತಿನ್ನುವ ರೂಢಿ ಇರುವುದರಿಂದಲೇ, ಅದನ್ನು ಹೋಲುವ ಅಲಂಕಾರದ ಗಿಡವೂ ನಿರಪಾಯಕಾರಿ ಎಂದು ಭಾವಿಸುವ ಅಪಾಯ ಹೆಚ್ಚು. ಮಾತು ಬಾರದ ಕೂಸಿಗಾಗಲಿ, ಎಲೆ ಕಚ್ಚುವ ಬೆಕ್ಕು ನಾಯಿಗಳಿಗಾಗಲಿ ಈ ಭೇದ ತಿಳಿಯುವುದಿಲ್ಲ. ಬೆಳಗಿನ ಹೊತ್ತು ಎಲೆಯ ತುದಿಯಲ್ಲಿ ತಾನಾಗಿ ಮೂಡುವ ನೀರಹನಿಯನ್ನು ನೋಡಲು ಮಕ್ಕಳು ಗಿಡದ ಬಳಿಗೇ ಬರುತ್ತಾರೆ. ನನಗೂ ಆ ನೋಟ ಬಹಳ ಪ್ರಿಯವಾದುದು, ಹಾಗಾಗಿ ಗಿಡವನ್ನೇ ಬೆಳೆಸಬಾರದೆಂದು ನಾನು ಹೇಳುತ್ತಿಲ್ಲ.

ತೋಟಗಾರಿಕೆಯ ಅಂಕಣಗಳಲ್ಲಿ ಈ ಗಿಡದ ಚಿತ್ರ ಪ್ರಕಟಿಸುವಾಗ ಅದರ ಕೆಳಗೆ ಕುಲದ ಹೆಸರನ್ನೂ, ಮಕ್ಕಳ ಮತ್ತು ಸಾಕುಪ್ರಾಣಿಗಳ ಕೈಗೆ, ಬಾಯಿಗೆ ಎಟುಕದಂತೆ ಇಡಬೇಕೆಂಬ ಸೂಚನೆಯನ್ನೂ ದಯವಿಟ್ಟು ಸೇರಿಸಿ. ಒಣಗಿದ ಎಲೆ ಕತ್ತರಿಸುವಾಗ ಕೈಗವಸು ಧರಿಸಬೇಕು, ರಸ ತಾಗಿದ ಕೈಯಿಂದ ಕಣ್ಣು ಮುಟ್ಟಬಾರದು, ಎಲೆ ಬಾಯಿಗೆ ಹೋದರೆ ತಕ್ಷಣ ನೀರಿನಿಂದ ಬಾಯಿ ತೊಳೆದು ವೈದ್ಯರನ್ನು ಕಾಣಬೇಕು ಎಂಬಿಷ್ಟನ್ನು ಮುದ್ರಿಸಲು ಎರಡು ಸಾಲುಗಳ ಜಾಗ ಸಾಕು.

ಇಂತಿ,
ಒಬ್ಬ ಓದುಗ