ಚಿಕ್ಕಮ್ಮನಿಗೆ ಬಂದದ್ದು ನಿನಗೂ ಬರುತ್ತಾ ಅಂದೆಯಲ್ಲ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಛತ್ರ, ಸೀರೆ, ಊಟದ ಲೆಕ್ಕ ಎಲ್ಲ ಓದಿದೆ. ಅದಕ್ಕೆಲ್ಲ ನಿನ್ನ ಅಮ್ಮ ಇದ್ದಾಳೆ, ನಾನು ಬಾಯಿ ಹಾಕುವುದಿಲ್ಲ. ಆದರೆ ಕೊನೆಗೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, “ಚಿಕ್ಕಮ್ಮನಿಗೆ ಮೈಮೇಲೆ ಬಂದ ಹಾಗೆ ಮದುವೆ ಮನೆಯಲ್ಲಿ ಎಲ್ಲರೆದುರು ನನಗೂ ಬಂದುಬಿಟ್ಟರೆ?” ಅಂತ. ಅದನ್ನು ಓದಿದ ಮೇಲೆ ಬೇರೆ ಯಾವುದೂ ತಲೆಗೆ ಹೋಗಲಿಲ್ಲ.

‘ಸು ಫ್ರಮ್ ಸೋ’ ನೋಡಿದ್ದೇ ತಪ್ಪಾಯಿತು ಅಂತಲೂ ಬರೆದಿದ್ದೀಯ. ಸಿನಿಮಾಕ್ಕೆ ಯಾಕೆ ಬಯ್ಯುತ್ತೀ ಮಾರಾಯ್ತಿ? 2025ರ ಜುಲೈಯಲ್ಲಿ ಅದು ಬಂದಾಗ ನಾನೂ ನಿನ್ನ ಚಿಕ್ಕಮ್ಮನೂ ಒಟ್ಟಿಗೇ ಹೋಗಿದ್ದೆವು. ಆ ಅಶೋಕ ಸಿಕ್ಕಿಬಿದ್ದು, ತಪ್ಪಿಸಿಕೊಳ್ಳಲು ಮೈಮೇಲೆ ಬಂದವನ ಹಾಗೆ ಆಡುತ್ತಾನಲ್ಲ, ಊರವರೆಲ್ಲ ಸೇರಿ ಅದು ಸೋಮೇಶ್ವರದ ಸುಲೋಚನಳ ದೆವ್ವ ಅಂತ ತೀರ್ಮಾನ ಮಾಡುತ್ತಾರಲ್ಲ, ಅಲ್ಲಿ ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ನಾನು ನಗಲೋ ಬೇಡವೋ ಅಂತ ಅವಳ ಮುಖ ನೋಡುತ್ತಾ ಕೂತಿದ್ದೆ. ರಾಜ್ ಬಿ. ಶೆಟ್ಟಿ ಗುರೂಜಿಯಾಗಿ ಬಂದ ಮೇಲೆ ನನಗೂ ತಡೆಯಲಾಗಲಿಲ್ಲ.

ನೀನು ಸಿನಿಮಾಕ್ಕೆ ಹೋದಾಗ ನಿನ್ನ ಅತ್ತೆಯಾಗುವವರು ಇಂಟರ್‌ವಲ್ಲಿನಲ್ಲಿ “ನಿಮ್ಮ ಮನೆಯಲ್ಲೂ ಯಾರಿಗೋ ಹೀಗೆ ಬರ್ತಿತ್ತಂತೆ ಅಲ್ವಾ” ಅಂದರಲ್ಲ, ಸುಮ್ನೆ ಕೇಳಿರಬಹುದು. ಸುಮ್ನೆ ಅಲ್ಲದೆಯೂ ಇರಬಹುದು. ನಿನ್ನ ಭಯ ಶುರುವಾದದ್ದು ಅಲ್ಲೇ ಅಂತ ನನ್ನ ಅನುಮಾನ.

ಸಿನಿಮಾ ನೋಡಿದ್ದಕ್ಕೆ ಬಂತು ಅನ್ನುವ ಮಾತು ನಮ್ಮ ಮನೆಗೆ ಹೊಸದೇನಲ್ಲ. 1979ರಲ್ಲಿ ‘ನಾ ನಿನ್ನ ಬಿಡಲಾರೆ’ ಅನ್ನುವ ದೆವ್ವದ ಸಿನಿಮಾ ಬಂದಿತ್ತು. ಮರುವರ್ಷ ನನ್ನ ಮದುವೆ. ಆ ಮದುವೆ ಮನೆಯಲ್ಲಿ ಚಿಕ್ಕಮ್ಮನಿಗೆ ಆದದ್ದಕ್ಕೆ ನಮ್ಮ ಸೋದರತ್ತೆ ಕಂಡುಹಿಡಿದ ಕಾರಣ ಅದೇ. ಅನಂತನಾಗ್‌ಗೆ ಹಿಡಿದದ್ದು ಪರದೆಯಿಂದ ಇಳಿದು ಇವಳಿಗೆ ಹಿಡಿಯಿತಂತೆ! ಅಷ್ಟು ದೂರ ಯಾಕೆ ಬರಬೇಕಿತ್ತೋ ಅದು.

ಆ ರಾತ್ರಿಯ ಕಥೆ ನಿನಗೆ ಗೊತ್ತೇ ಇದೆ, ಪೂರ್ತಿ ಹೇಳುವುದಿಲ್ಲ. ಆದರೆ ಕಾಫಿಯ ವಿಷಯ ನಿನ್ನ ಅಮ್ಮ ಹೇಳಿರಲಿಕ್ಕಿಲ್ಲ. ಆಗ ಸಕ್ಕರೆಗೆ ತತ್ವಾರ. ಮನೆಯವರಿಗೆ ಬೆಲ್ಲದ ಕಾಫಿ, ಸಕ್ಕರೆ ಕಾಫಿ ಗಂಡಿನ ಕಡೆಯವರಿಗೆ ಮಾತ್ರ. ಬೆಳಗಿನಿಂದ ಆ ಲೋಟಗಳನ್ನು ಹೊತ್ತು ಹೊತ್ತು ಕೊಟ್ಟವಳು ಚಿಕ್ಕಮ್ಮ. ರಾತ್ರಿ ಚಪ್ಪರದಲ್ಲಿ ಜಡೆ ಬಿಚ್ಚಿಕೊಂಡು ಕೂತು, ಗಂಡಸಿನ ದನಿಯಲ್ಲಿ, ಅಪ್ಪಯ್ಯನನ್ನು ಹೆಸರು ಹಿಡಿದು ಕರೆದಳು. ಅವರೆದುರು ನಿಂತು ಒಂದು ಮಾತಾಡಿದವಳಲ್ಲ. “ಏನು ಬೇಕು ತಾಯಿ?” ಅಂತ ಅಡುಗೆಭಟ್ಟರು ಸೌಟು ಹಿಡಿದೇ ಓಡಿ ಬಂದು ಕೇಳಿದರು. “ಸಕ್ಕರೆ ಹಾಕಿದ ಕಾಫಿ” ಅಂದಳು. ತಂದುಕೊಟ್ಟರು. ಕುಡಿದು, ಲೋಟ ಕೆಳಗಿಟ್ಟು, “ಇನ್ನೊಂದು” ಅಂದಳು. ಕಂಬದ ಹಿಂದೆ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಹೆದರಿಕೆಯಿಂದ ನಡುಗುತ್ತಲೂ ಇದ್ದರು.

ಆಮೇಲೆ ಮಂತ್ರವಾದಿ ಬಂದು ಮೆಣಸಿನ ಹೊಗೆ ಹಾಕಿದ. ಅಲ್ಲಿಂದ ನಗುವಂಥದ್ದೇನೂ ಇಲ್ಲ. ಈಗ ಹಾಗೆ ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಕಟ್ಟಿಹಾಕುವುದು ಅಪರಾಧ. ನಮ್ಮ ರಾಜ್ಯದಲ್ಲಿ 2017ರ ಕಾನೂನೇ ಇದೆ, 2020ರಿಂದ ಜಾರಿಯಲ್ಲಿದೆ. ನನಗೆ ಒಂದೇ ಬೇಜಾರು. ಕೈತುಂಬ ಬಳೆ ಹಾಕಿಕೊಂಡು ಒಳಗೆ ಕೂತಿದ್ದ ನಾನು ಆ ಹೊತ್ತಿನಲ್ಲಿ ಯೋಚಿಸಿದ್ದು ಬೀಗರು ಏನಂದುಕೊಂಡಾರು ಅಂತ. ಅವಳನ್ನು ಹತ್ತನೇ ಕ್ಲಾಸಿಗೇ ಬಿಡಿಸಿ ಅಡುಗೆಮನೆಗೆ ಹಾಕಿದ್ದರು. ನನ್ನ ಮದುವೆ ಮುಗಿದರೆ ಮುಂದಿನ ಸರದಿ ಅವಳದ್ದು, ಆ ವಿಧುರನ ಸಂಬಂಧ. ಇದೆಲ್ಲ ನನಗೆ ಗೊತ್ತಿತ್ತು. ಆದರೂ.

ನಮ್ಮ ಕಡೆ ನೋಡು, ದೈವ ಮೈಮೇಲೆ ಬರುವ ಪಾತ್ರಿಗೆ ದರ್ಶನ ಬಂದರೆ ಕೈಮುಗಿದು ಪ್ರಸಾದ ತೆಗೆದುಕೊಳ್ಳುತ್ತಾರೆ. ಮನೆ ಹುಡುಗಿಗೆ ಬಂದರೆ ಮೆಣಸು ಸುಡುತ್ತಾರೆ. ನಮ್ಮ ಕೋಟಕ್ಕೇ ಹಿಂದೆ ಕಾರ್ಸ್ಟೇರ್ಸ್, ಕಪೂರ್ ಅನ್ನುವ ಮನೋವೈದ್ಯರು ಬಂದು ಜನರ ಮನಸ್ಸಿನ ತೊಂದರೆಗಳ ಬಗ್ಗೆ ಅಧ್ಯಯನ ಮಾಡಿದ್ದರು, 1976ರಲ್ಲಿ ಪುಸ್ತಕವೂ ಬಂತು. ನಮ್ಮ ಊರ ಹೆಸರು ಪರದೇಶದವರೆಗೆ ಹೋಯಿತು. ನಮ್ಮ ಮನೆಯ ಹುಡುಗಿಯನ್ನು ಮಾತ್ರ ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ.

ನಿನ್ನ ಪ್ರಶ್ನೆಗೇ ಬರುತ್ತೇನೆ, ಎಲ್ಲೆಲ್ಲೋ ಹೋದೆ. ನಿನಗೂ ಬರುತ್ತಾ? ಬರುವುದಿಲ್ಲ ಅಂತ ಬರೆದುಕೊಡಲು ನಾನ್ಯಾರು? ಆದರೆ ಚಿಕ್ಕಮ್ಮನಿಗೆ ಬಂತು ಅನ್ನುವ ಒಂದೇ ಕಾರಣಕ್ಕೆ ನಿನಗೆ ಬರಬೇಕೆಂದೇನೂ ಇಲ್ಲ. ಮೈಮೇಲೆ ಬರುವುದು ಚಿನ್ನದ ಸರದ ಹಾಗೆ ಒಬ್ಬರಿಂದ ಒಬ್ಬರಿಗೆ ದಾಟಿಸುವ ವಸ್ತು ಅಲ್ಲ. ಹೇಳಲಾಗದ ಸಂಕಟ ತುಂಬಾ ದಿನ ಒಳಗೇ ಉಳಿದಾಗ ಕೆಲವರಿಗೆ ಹೀಗೆ ಆಗುವುದುಂಟು ಅಂತ ಡಾಕ್ಟರುಗಳು ಹೇಳುತ್ತಾರೆ. ಚಿಕ್ಕಮ್ಮ ಅಶೋಕನ ಹಾಗೆ ನಾಟಕ ಆಡಲಿಲ್ಲ, ಅದು ಖಂಡಿತ. ಆ ಸಂಬಂಧ ಮುರಿದುಬಿತ್ತು, ಅವಳು ಹೊಲಿಗೆ ಕಲಿತಳು, ಮತ್ತೆ ಬರಲಿಲ್ಲ.

ಹಾಗಾಗಿ ನನಗೆ ಹೆದರಿಕೆ ಆಗುವುದು ಬೇರೆ ಕಡೆ. ನೀನು ಯಾರಿಗೂ ಹೇಳಲಾಗದೆ ಅಂಚಿನಲ್ಲಿ ಬರೆದೆಯಲ್ಲ, ಅಲ್ಲಿ. ಈ ಮದುವೆ ನಿನಗೆ ಬೇಕು ತಾನೇ? ಕೇಳಬಾರದಿತ್ತೇನೋ, ಕೇಳಿಬಿಟ್ಟೆ. ಬೇಕು ಅಂತಾದರೆ ಆ ಹುಡುಗನಿಗೆ ಚಿಕ್ಕಮ್ಮನ ವಿಷಯ ನೀನೇ ಹೇಳು, ಬೇರೆಯವರ ಬಾಯಿಂದ ಕೇಳುವುದು ಬೇಡ. ನಿದ್ದೆ ಬಿಡಬೇಡ. ಮುಹೂರ್ತದವರೆಗೆ ಉಪವಾಸ ಅಂತ ಯಾರಾದರೂ ಅಂದರೆ ನನ್ನ ಹೆಸರು ಹೇಳಿ ಎರಡು ಇಡ್ಲಿ ತಿನ್ನು. ರಾತ್ರಿ ಭಯ ಜಾಸ್ತಿಯಾದರೆ 14416ಕ್ಕೆ ಫೋನ್ ಮಾಡಬಹುದು, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಬೆಂಗಳೂರಿನಲ್ಲಿ ಇರುವವಳು.

ಅಂದಹಾಗೆ ಸಿನಿಮಾ ಮುಗಿಸಿ ಬಸ್ಸಿಗೆ ಕಾಯುವಾಗ ಚಿಕ್ಕಮ್ಮ ತಾನಾಗಿಯೇ ಕೇಳಿದಳು, “ಅಕ್ಕಾ, ಅವತ್ತಿನ ಕಾಫಿ ನೆಂಪಿತ್ತಾ?” ಇಷ್ಟು ವರ್ಷದಲ್ಲಿ ಅವಳು ಆ ಮಾತೆತ್ತಿದ್ದು ಅದೇ ಮೊದಲು. ಇತ್ತು ಅಂದೆ. ಬಸ್ಸು ಬಂತು, ಸೀಟು ಹಿಡಿಯುವ ಗಡಿಬಿಡಿಯಲ್ಲಿ ಮಾತು ಅಲ್ಲಿಗೇ ನಿಂತಿತು. ಇನ್ನೂ ಕೇಳಬೇಕು ಅಂತಿದ್ದೇನೆ. ಅಥವಾ ನೀನೇ ಅವಳಿಗೆ ಒಂದು ಫೋನ್ ಮಾಡು. ನಿನ್ನ ಪ್ರಶ್ನೆಗೆ ನನಗಿಂತ ಅವಳೇ ಸರಿಯಾದವಳು. ಬ್ಲೌಸಿನ ಅಳತೆ ಕೇಳುವ ನೆಪ ಸಾಕು, ಹೇಗೂ ನಿನ್ನದನ್ನು ಹೊಲಿಯುತ್ತಿರುವವಳು ಅವಳೇ ಅಲ್ವಾ.

ಇಂತಿ,
ನಿನ್ನ ದೊಡ್ಡಮ್ಮ