ಮನೆ ನೋಡದೆ ಬರ್ಲಿನ್‌ಗೆ ದುಡ್ಡು ಕಳಿಸಬೇಡಿ

ಮಾನ್ಯರೇ,

ಬರ್ಲಿನ್‌ಗೆ ಓದಲು ಬರುವ ನಮ್ಮ ಹುಡುಗರು ಊರಿಂದಲೇ ಫೋಟೊ ನಂಬಿ ಯಾರಿಗೋ ಅಡ್ವಾನ್ಸ್ ಕಳಿಸುತ್ತಾರೆ. ನನ್ನ ತಂಗಿಯ ಮಗ ಹೀಗೇ ಮೋಸಹೋಗಿ, ಇಲ್ಲಿನ ನಾಯ್‌ಕೋಲ್ನ್ ಬಡಾವಣೆಯ ನಮ್ಮ ಮನೆಯ ಸೋಫಾದ ಮೇಲೆ ಮಲಗಿದ. ಪಕ್ಕದ ಮನೆಯ ಟರ್ಕಿ ಅಜ್ಜಿ ಅವನಿಗೆ ಬಿಸಿಬಿಸಿ ಬೇಳೆ ಸೂಪು ತಂದುಕೊಟ್ಟರು. ಪುಣ್ಯಾತ್ಗಿತ್ತಿ!

ಇಲ್ಲಿ ಮನೆಗೆ ಸೇರಿದ 14 ದಿನದೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಪತ್ರ ಬೇಕೇ ಬೇಕು. ಪತ್ರ ಕೊಡಲ್ಲ ಅಂದರೆ ಆ ಮನೆಯೇ ಬೇಡ. ಹೀಟಿಂಗ್, ನೀರು ಮುಂತಾದ ಖರ್ಚು ಬಿಟ್ಟು 3 ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ. ಅದನ್ನೂ 3 ಕಂತಿನಲ್ಲಿ ಕಟ್ಟಬಹುದು, ಕಾನೂನೇ ಇದೆ. ಬೆಂಗಳೂರಿನಲ್ಲಿ 10 ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವರಿಗೆ ಇದನ್ನು ಯಾರು ಹೇಳಬೇಕು? ಫೀಸು ತೆಗೆದುಕೊಂಡು ಮಕ್ಕಳನ್ನು ವಿಮಾನ ಹತ್ತಿಸುವ ಕನ್ಸಲ್ಟೆನ್ಸಿಗಳೇ ಅಲ್ವಾ?

– ಒಬ್ಬ ಓದುಗ, ಬರ್ಲಿನ್