ಮುಳ್ಳು ತಿರುಗಿಸಬೇಡ ಎಂದ ಅಜ್ಜಿಗೆ, ಮತ್ತೆ ರೇಡಿಯೊ 4ಕ್ಕೆ

ಸೋಮವಾರ ಮತ್ತೆ ಕೆಲಸಕ್ಕೆ ಹೋದೆ. ಬಸ್ಸು ತಿರುವಿನಲ್ಲಿ ಇರುವಾಗಲೇ ಅದರ ನಂಬರು ಓದಲು ಬಂತು. ಅಷ್ಟಕ್ಕೇ ಕಣ್ಣು ತುಂಬಿತು. ಈ ಮೂರು ತಿಂಗಳು ಫೋನ್ ಮಾಡಿದವರಿಗೆ, ಮೆಸೇಜ್ ಕಳಿಸಿ ಉತ್ತರ ಸಿಗದೆ ಸುಮ್ಮನಾದವರಿಗೆ, ಊಟದ ಡಬ್ಬಿ ಬಾಗಿಲ ಹತ್ತಿರ ಇಟ್ಟು ಹೋದ ಇಂಗ್ಲೆಂಡಿನ ಲೆಸ್ಟರ್ ಊರಿನ ನಮ್ಮ ಕನ್ನಡದವರಿಗೆ, ಎಲ್ಲರಿಗೂ ಒಂದೇ ಸಲ ಹೇಳಿಬಿಡುತ್ತೇನೆ. ಬಲಗಣ್ಣು ಉಳಿಯಿತು.

ಆದದ್ದು ಇಷ್ಟು. ಜನವರಿಯಲ್ಲಿ ಬಲಗಣ್ಣಿನ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ಕಳಚಿಕೊಂಡಿತು. ಮೊದಲು ಕಣ್ಣಂಚಿನಲ್ಲಿ ಮಿಂಚು ಹೊಡೆದ ಹಾಗಾಯಿತು, ಆಮೇಲೆ ಕಪ್ಪು ಚುಕ್ಕೆಗಳು, ಮೂರನೇ ದಿನ ಒಂದು ಮೂಲೆಯಿಂದ ಪರದೆ ಇಳಿದ ಹಾಗೆ ಕತ್ತಲೆ. (ಇಂಥದ್ದು ಯಾರಿಗಾದರೂ ಕಂಡರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ.) ಆಪರೇಷನ್ ಮಾಡಿ ಕಣ್ಣೊಳಗೆ ಗ್ಯಾಸಿನ ಗುಳ್ಳೆ ತುಂಬಿದರು. ಆ ಗುಳ್ಳೆ ತೇಲಿ ರೆಟಿನಾವನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಬೇಕು. ಅದಕ್ಕಾಗಿ ಮುಖ ಕೆಳಗೆ ಮಾಡಿಯೇ ಇರಬೇಕು, ಗಂಟೆಗೆ 50 ನಿಮಿಷ, ಒಟ್ಟು 10 ದಿನ. ಎಡಗಣ್ಣು ನನಗೆ ಚಿಕ್ಕಂದಿನಿಂದಲೇ ಮಂದ. ಹಾಗಾಗಿ ಪುಸ್ತಕ ಇಲ್ಲ, ಟಿವಿ ಇಲ್ಲ, ಮೊಬೈಲಿನ ಅಕ್ಷರ ಕಾಣಿಸುವುದಿಲ್ಲ. ಹತ್ತು ದಿನ ಮುಗಿದ ಮೇಲೂ ಗುಳ್ಳೆ ಕರಗಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ವಿಮಾನ ಹತ್ತುವ ಹಾಗಿಲ್ಲ, ಮೇಲೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಮೈಸೂರಿನಲ್ಲಿ ಅಪ್ಪನ ವರ್ಷದ ತಿಥಿ ನಾನಿಲ್ಲದೆ ನಡೆಯಿತು.

ಹೆಂಡತಿ ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ಮೊದಲ ದಿನ ನೆಲವನ್ನೇ ನೋಡುತ್ತ ಕೂತಿದ್ದೆ. ಗಂಟೆ ಎಷ್ಟಾಯಿತು ಎಂದೂ ಗೊತ್ತಾಗುತ್ತಿರಲಿಲ್ಲ. ಎರಡನೇ ದಿನ ಪಕ್ಕದ ಮನೆಯ ಅಜ್ಜಿ ಬಂದರು, 84 ವರ್ಷ, ಕೈಯಲ್ಲಿ ಅವರ ಅಡುಗೆಮನೆಯ ಹಳೇ ರೇಡಿಯೊ. ನನ್ನ ಕುರ್ಚಿಯ ಕೆಳಗೆ, ಮುಖಕ್ಕೆ ನೇರವಾಗಿ ಇಟ್ಟರು. ಆನ್ ಮಾಡಿದರು. ಸ್ಟೇಷನ್ ಬದಲಿಸುವ ಮುಳ್ಳು ಮಾತ್ರ ತಿರುಗಿಸಬೇಡ, ಬೇಜಾರಾದರೂ ತಿರುಗಿಸಬೇಡ, ಸ್ವಲ್ಪ ಹೊತ್ತಿಗೆ ಬೇರೆ ಬರುತ್ತದೆ ಎಂದು ಹೇಳಿ ಹೋದರು.

ಅದು ಬಿಬಿಸಿ ರೇಡಿಯೊ 4. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ ಅದು ಹಾಡಿನ ಸ್ಟೇಷನ್ ಅಲ್ಲ, ಮಾತಿನ ಸ್ಟೇಷನ್. ಸುದ್ದಿ, ನಾಟಕ, ವಿಜ್ಞಾನ, ತೋಟ, ನಗೆ, ಸಂಸತ್ತು, ಹಡಗು, ಎಲ್ಲವೂ ಒಂದೇ ದಿನದಲ್ಲಿ ಒಂದರ ಹಿಂದೆ ಒಂದು. ಜಾಹೀರಾತು ಇಲ್ಲ, ಜನ ಕಟ್ಟುವ ಲೈಸೆನ್ಸ್ ಶುಲ್ಕದಲ್ಲಿ ನಡೆಯುತ್ತದೆ. ಈ ಹೆಸರು ಬಂದದ್ದು 1967ರ ಸೆಪ್ಟೆಂಬರ್ 30ರಂದು, ಅದಕ್ಕೂ ಮೊದಲು ಹೋಮ್ ಸರ್ವಿಸ್ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಈ ದೇಶದಲ್ಲಿದ್ದೇನೆ, ಟ್ಯಾಕ್ಸಿಯಲ್ಲಿ ಕೇಳಿದ್ದು ಬಿಟ್ಟರೆ ಒಂದು ದಿನವೂ ಕೂತು ಕೇಳಿರಲಿಲ್ಲ.

ಮೊದಲು ನನಗೆ ವಾಪಸ್ ಸಿಕ್ಕಿದ್ದು ಗಂಟೆ. ಗಂಟೆ ತುಂಬುವಾಗ ಆರು ಸಲ ಪಿಪ್ ಎನ್ನುತ್ತದಲ್ಲ, ಐದು ಚಿಕ್ಕದು, ಕೊನೆಯದು ಉದ್ದ, ಅದು 1924ರಿಂದ ಬರುತ್ತಿದೆ. ಆ್ಯಪ್‌ನಲ್ಲಿ ಕೇಳಿದರೆ ಕೆಲವು ಸೆಕೆಂಡು ತಡ, ಗಡಿಯಾರ ಸರಿ ಮಾಡಿಕೊಳ್ಳುವುದಿದ್ದರೆ ಹಳೇ ಸೆಟ್ಟೇ ಬೇಕು ಎಂಬುದು ಅಜ್ಜಿಯ ಖಚಿತ ಮಾತು. ಸಂಜೆ ಆರಕ್ಕೆ ಪಿಪ್ ಇಲ್ಲ, ಲಂಡನ್ನಿನ ಬಿಗ್ ಬೆನ್ ಗಂಟೆಯೇ ನೇರವಾಗಿ ಕೇಳುತ್ತದೆ. ಅದು ಹೊಡೆಯಿತು ಎಂದರೆ ಇನ್ನೇನು ಹೆಂಡತಿ ಬರುವ ಹೊತ್ತು.

ನಾನು ಮೈಸೂರಿನವನು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ ಊರು. ನಮ್ಮ ಮನೆಯಲ್ಲೂ ದಿನ ನಡೆಯುತ್ತಿದ್ದದ್ದು ರೇಡಿಯೊ ಲೆಕ್ಕದಲ್ಲೇ. ಸಂಸ್ಕೃತ ವಾರ್ತೆ ಶುರುವಾದರೆ ಅಪ್ಪನ ಷೇವಿಂಗ್ ಮುಗಿದಿರಬೇಕು, ಪ್ರದೇಶ ಸಮಾಚಾರಕ್ಕೆ ನಮಗೆ ಹಾಲು. ಮೂವತ್ತು ವರ್ಷದ ಮೇಲೆ, ಬೇರೆ ದೇಶದಲ್ಲಿ, ಬೇರೆ ಭಾಷೆಯಲ್ಲಿ, ತಲೆ ಬಗ್ಗಿಸಿ ಕೂತಿರುವಾಗ ಅದೇ ಲೆಕ್ಕ ಮತ್ತೆ ಸಿಕ್ಕಿತು. ಅಪ್ಪ ತುಂಬಾ ನೆನಪಾದರು.

ಮೊಬೈಲಿನಲ್ಲಿ ನಮಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತೇವೆ ಅಲ್ವಾ? ಇಲ್ಲಿ ಆರಿಸುವ ಹಾಗಿರಲಿಲ್ಲ. ಬಂದದ್ದನ್ನು ಕೇಳಬೇಕಿತ್ತು. ಬೆಳಿಗ್ಗೆ ಆರಕ್ಕೆ ಟುಡೇ ಕಾರ್ಯಕ್ರಮದಲ್ಲಿ ಮಂತ್ರಿಗಳನ್ನು ಹಿಡಿದು ಕೇಳುವ ಪ್ರಶ್ನೆಗಳು. ಹತ್ತಕ್ಕೆ ವುಮನ್ಸ್ ಅವರ್, 1946ರಿಂದ ಇದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರಿಗೆ ಏನೇನಾಗುತ್ತದೆ ಎಂದು ಒಂದು ದಿನ ಅಲ್ಲಿ ಮಾತಾಡಿದರು, ನಿದ್ರೆ ಬರದಿರುವುದು, ಮರೆವು, ಮೈ ಬಿಸಿಯಾಗುವುದು. ಅವತ್ತು ರಾತ್ರಿ ಹೆಂಡತಿಯನ್ನು ನಿನಗೂ ಹೀಗೆಲ್ಲ ಆಗುತ್ತದಾ ಎಂದು ಕೇಳಿದೆ. ಎರಡು ವರ್ಷದಿಂದ ಆಗುತ್ತಿದೆ ಎಂದಳು. ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಅವತ್ತು ತುಂಬಾ ಹೊತ್ತು ಮಾತಾಡಿದೆವು, ನಾನು ನೆಲ ನೋಡುತ್ತ, ಅವಳು ನನ್ನ ಪಕ್ಕ ಚಾಪೆಯ ಮೇಲೆ ಕೂತು. ಆ ಒಂದು ಮಾತುಕತೆಗಾಗಿಯೇ ನಾನು ರೇಡಿಯೊಗೆ ಋಣಿ.

ಗುರುವಾರ ಬೆಳಿಗ್ಗೆ ಇನ್ ಅವರ್ ಟೈಮ್. 1998ರಲ್ಲಿ ಮೆಲ್ವಿನ್ ಬ್ರಾಗ್ ಶುರು ಮಾಡಿದ್ದು. ಒಂದು ವಿಷಯ, ಅದನ್ನು ಬಲ್ಲ ಮೂವರು ಪ್ರೊಫೆಸರುಗಳು, ಮುಕ್ಕಾಲು ಗಂಟೆಗೆ ಹತ್ತಿರ ಹತ್ತಿರ ಮಾತು. ಅರ್ಧ ನನಗೆ ಅರ್ಥವಾಗಲಿಲ್ಲ. ಆದರೆ ನಿನಗೆ ಅರ್ಥವಾಗುತ್ತದೆ ಎಂದು ನಂಬಿಕೊಂಡೇ ಅವರು ಮಾತಾಡುತ್ತಾರೆ, ಆ ಮರ್ಯಾದೆ ದೊಡ್ಡದು. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ತೋಟದವರ ಪ್ರಶ್ನೋತ್ತರ, 1947ರಿಂದ ನಡೆಯುತ್ತಿದೆ. ಗುಲಾಬಿ ಯಾವಾಗ ಸವರಬೇಕು, ಕುಂಡದ ಮಣ್ಣಿಗೆ ಏನು ಬೆರೆಸಬೇಕು ಎಂದು ಕೇಳಿದ್ದನ್ನೆಲ್ಲ ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳುತ್ತಿದ್ದೆ. ಅಮ್ಮ ಅರ್ಧ ಒಪ್ಪುತ್ತಿದ್ದರು. ಅಪ್ಪ ಹೋದ ಮೇಲೆ ಅಮ್ಮ ಗಿಡದ ವಿಷಯ ಮಾತಾಡಿದ್ದು ಅದೇ ಮೊದಲು.

ಸಂಜೆ ಏಳಕ್ಕೆ ದಿ ಆರ್ಚರ್ಸ್. ಆಂಬ್ರಿಡ್ಜ್ ಎಂಬ ಕಲ್ಪನೆಯ ಹಳ್ಳಿಯ ಧಾರಾವಾಹಿ, 1951ರ ಜನವರಿ 1ರಿಂದ ದೇಶವಿಡೀ ಬರುತ್ತಿದೆ. ಯುದ್ಧ ಮುಗಿದು ಆಹಾರಕ್ಕೆ ಪರದಾಟ ಇದ್ದಾಗ ರೈತರಿಗೆ ಹೊಸ ಬೇಸಾಯ ತಿಳಿಸಲು ಹುಟ್ಟಿದ್ದಂತೆ. ಕಥೆಯ ಜೊತೆ ಬೇಸಾಯದ ಮಾತು ಎಂದ ಕೂಡಲೇ ನನಗೆ ನಮ್ಮ ಆಕಾಶವಾಣಿಯ ಕೃಷಿ ಕಾರ್ಯಕ್ರಮ ಕೇಳಿದ ಹಾಗಾಯಿತು. 1950ರ ಪ್ರಯೋಗದ ಕಂತುಗಳಲ್ಲೇ ಇದ್ದ ಜೂನ್ ಸ್ಪೆನ್ಸರ್ ಎಂಬ ನಟಿ 2022ರಲ್ಲಿ ನಿವೃತ್ತರಾದಾಗ ಅವರಿಗೆ 103 ವರ್ಷ! ಇದನ್ನು ಹೇಳಿದ್ದು ಪಕ್ಕದ ಮನೆ ಅಜ್ಜಿ. ಅವರು ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಕೇಳುತ್ತಿದ್ದಾರೆ. ಯಾರು ಯಾರ ಮಗ, ಯಾವ ಹೊಲ ಯಾರಿಗೆ ಸೇರಿದ್ದು ಎಂದು ನಮ್ಮ ಊರಿನ ನೆಂಟರ ವಿಷಯದ ಹಾಗೆ ಬಿಡಿಸಿ ಹೇಳಿಕೊಟ್ಟರು.

ಈಗ ಮುಖ್ಯವಾದದ್ದು. ಒಂದು ಸೋಮವಾರ ರಾತ್ರಿಯಿಡೀ ನಿದ್ರೆ ಬರಲಿಲ್ಲ. ಬಲಗಣ್ಣು ಸರಿಯಾಗದಿದ್ದರೆ? ಇರುವ ಎಡಗಣ್ಣೂ ಕೈಕೊಟ್ಟರೆ? ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಮಾರನೇ ದಿನ ಮಂಗಳವಾರ ರಾತ್ರಿ ಇನ್ ಟಚ್ ಎಂಬ ಕಾರ್ಯಕ್ರಮ ಬಂತು. ಕಣ್ಣು ಕಾಣದವರಿಗಾಗಿ 1961ರಿಂದ ಇರುವ ಕಾರ್ಯಕ್ರಮ. ಪೀಟರ್ ವೈಟ್ 1974ರಿಂದ ನಡೆಸಿಕೊಂಡು ಬಂದವರು, ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣುವುದಿಲ್ಲ. ಅಯ್ಯೋ ಪಾಪ ಅನ್ನುವ ದನಿ ಎಲ್ಲೂ ಇಲ್ಲ. ಒಬ್ಬ ಅಧಿಕಾರಿ ಸುತ್ತಿ ಬಳಸಿ ಉತ್ತರ ಕೊಟ್ಟರೆ ಬಿಡದೆ ಮತ್ತೆ ಕೇಳುತ್ತಾರೆ, ಕೇಳುಗರ ಪತ್ರಕ್ಕೆ ನಗುತ್ತಾರೆ. ಕಣ್ಣು ಕಾಣದೆ ಹೋದರೂ ಒಂದು ಬಾಳು ಇದೆ, ಅದರಲ್ಲಿ ಕೆಲಸವಿದೆ, ಜಗಳವಿದೆ, ನಗುವಿದೆ ಎಂದು ಅವತ್ತು ನನಗೆ ಮೊದಲ ಸಲ ಮನಸ್ಸಿಗೆ ಹೋಯಿತು. ಯಾರೂ ಸಮಾಧಾನ ಹೇಳಲಿಲ್ಲ, ಸುಮ್ನೆ ಇಪ್ಪತ್ತು ನಿಮಿಷ ತಮ್ಮ ಕೆಲಸ ಮಾಡಿದರು, ಅಷ್ಟೇ. ಆ ರಾತ್ರಿ ನಿದ್ರೆ ಬಂತು. ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ, ನಿಮ್ಮಿಂದ ತುಂಬಾ ಉಪಕಾರವಾಯಿತು.

ನಿದ್ರೆ ಬಾರದ ಬೇರೆ ರಾತ್ರಿಗಳಲ್ಲಿ 12.48ಕ್ಕೆ ಹಡಗುಗಳ ಹವಾಮಾನ ವರದಿ ಕೇಳುತ್ತಿದ್ದೆ. ಈ ದ್ವೀಪಗಳ ಸುತ್ತಲಿನ ಕಡಲನ್ನು 31 ಭಾಗ ಮಾಡಿ, ಒಂದೊಂದರ ಹೆಸರು ಹೇಳಿ, ಗಾಳಿ ಹೇಗೆ, ಅಲೆ ಹೇಗೆ, ಎಷ್ಟು ದೂರ ಕಾಣುತ್ತದೆ ಎಂದು ನಿಧಾನವಾಗಿ ಓದುತ್ತಾರೆ. ವೈಕಿಂಗ್, ನಾರ್ತ್ ಉಟ್ಸಿರಾ, ಸೌತ್ ಉಟ್ಸಿರಾ, ಫೋರ್ಟೀಸ್, ಕ್ರೊಮಾರ್ಟಿ... ಅಮ್ಮ ಮುಂಜಾನೆ ಹೂ ಕಟ್ಟುತ್ತ ಹೇಳುತ್ತಿದ್ದ ಸಹಸ್ರನಾಮದ ಹಾಗೆ ಅರ್ಥ ಗೊತ್ತಿಲ್ಲದೆಯೇ ಬಾಯಿಗೆ ಬಂದುಬಿಟ್ಟಿದೆ. ಪ್ರತಿ ಹೆಸರಿನ ಕೊನೆಗೆ ನೋಟದ ಮಾತು ಬರುತ್ತದೆ: ಚೆನ್ನಾಗಿದೆ, ಸಾಧಾರಣ, ಕಡಿಮೆ, ತೀರಾ ಕಡಿಮೆ. ಕಣ್ಣು ಮುಚ್ಚಿಕೊಂಡು ಆ ಒಂದು ಪದಕ್ಕೇ ಕಾಯುತ್ತಿದ್ದೆ. ಯಾವುದೋ ಕಡಲಿನಲ್ಲಿ ಯಾರಿಗೋ ದೂರದವರೆಗೆ ಕಾಣುತ್ತಿದೆ ಎಂದು ಕೇಳಿದರೆ ನನಗೂ ಸಮಾಧಾನ.

ಹೆಂಡತಿಗೆ, ತಿಂಗಳುಗಟ್ಟಲೆ ಹೊತ್ತು ಹೊತ್ತಿಗೆ ಮೂರು ಬಗೆಯ ಡ್ರಾಪ್ಸ್ ಹಾಕಿದ್ದಕ್ಕೆ ಏನು ಹೇಳಿದರೂ ಕಡಿಮೆ. ಆಪರೇಷನ್ ಮಾಡಿದ ಡಾಕ್ಟರಿಗೆ, ನರ್ಸುಗಳಿಗೆ ಬೇರೆ ಪತ್ರ ಬರೆದಿದ್ದೇನೆ. ತಿಥಿಯ ದಿನ ನನ್ನ ಜಾಗದಲ್ಲಿ ನಿಂತ ತಮ್ಮನಿಗೆ, ಬೇಸಿಗೆಗೆ ಖಂಡಿತ ಬರುತ್ತೇನೆ ಕಣೋ.

ನಾಳೆ ಅಜ್ಜಿಗೆ ಸೆಟ್ ವಾಪಸ್ ಕೊಡುತ್ತೇನೆ. ಒರೆಸಿ ಇಟ್ಟಿದ್ದೇನೆ, ಹೊಸ ಬ್ಯಾಟರಿ ಹಾಕಿದ್ದೇನೆ. ಜೊತೆಗೆ ಒಂದು ಡಬ್ಬಿ ಮೈಸೂರ್ ಪಾಕ್. ಮುಳ್ಳು ಅವರು ಇಟ್ಟಲ್ಲೇ ಇದೆ.